ಚೆನ್ನಾಗಿದೆ ಅಂದರೆ ‘ಉಪ್ಪು ಕಮ್ಮಿ’ ಅನ್ನುವುದೇಕೆ?

ಪ್ರಶ್ನೆ: ನಾನು ಬಯಲುಸೀಮೆಯವಳು, ಮದುವೆಯಾಗಿ ಶಿರಸಿಗೆ ಬಂದಿದ್ದೇನೆ. ಇಲ್ಲಿ ಯಾರ ಮನೆಯಲ್ಲಿ ಉಂಡು ‘ತಂಬುಳಿ ಚೆನ್ನಾಗಿದೆ’ ಅಂದರೂ ಅಡುಗೆ ಮಾಡಿದವರು ‘ಎಂತ ಚೊಲೋ, ಉಪ್ಪು ಕಮ್ಮಿ ಆಜು’ ಅನ್ನುತ್ತಾರೆ. ನಿಜವಾಗಿ ಕಮ್ಮಿಯೋ, ಮಾತಿಗೆ ಹಾಗನ್ನುವುದೋ? ಉತ್ತರವಾಗಿ ಏನು ಹೇಳಬೇಕು?

ಉತ್ತರ: ಎರಡೂ ಹೌದು. ಮಾತಿನ ಪಾಲು ನಿಮಗೆ ಗೊತ್ತಾಗಿಯೇ ಇರುತ್ತದೆ. ‘ಎಂತೂ ಮಾಡಿದ್ನಿಲ್ಲೆ’ ಎನ್ನುತ್ತಲೇ ಹೋಳಿಗೆ ಬಡಿಸುವ ಊರು ಇದು. ಹೊಗಳಿಕೆಯನ್ನು ಹಾಗೇ ಒಪ್ಪಿಕೊಂಡರೆ ಜಂಬ ಅಂದಾರು ಎಂಬ ಸಂಕೋಚ ಒಂದು. ಉಪ್ಪು ಬೇಕಾದವರು ನಾಚದೆ ಕೇಳಲಿ ಎಂಬ ಉಪಾಯ ಇನ್ನೊಂದು. ಕೀಳರಿಮೆ ಎಂದುಕೊಂಡು ಬುದ್ಧಿ ಹೇಳಲು ಹೋಗಬೇಡಿ.

ನಾಲಿಗೆಯ ಪಾಲನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಗಿನಿಂದ ಒಗ್ಗರಣೆ, ಇಂಗು, ಹುರಿದ ಜೀರಿಗೆಯ ವಾಸನೆಯಲ್ಲೇ ನಿಂತವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಹೊರಗಿನಿಂದ ಬಂದ ನಿಮಗೆ ಘಮ್ಮೆಂದಿದ್ದು ಅವರಿಗೆ ಸಪ್ಪೆ. ಉಪ್ಪಿನದೂ ಹಾಗೇ: ಅಂಗೈಗೆ ಹನಿ ಬಿಟ್ಟುಕೊಂಡು ನಾಲ್ಕಾರು ಸಲ ನೆಕ್ಕಿದ ಮೇಲೆ ನಾಲಿಗೆ ಮಂದವಾಗುತ್ತದೆ. ಆಗ ಅವರು ‘ಕಮ್ಮಿ’ ಅಂದರೆ ಸುಳ್ಳು ಹೇಳಿದಂತಲ್ಲ, ಅವರ ಬಾಯಿಗೆ ಕಮ್ಮಿಯೇ.

ಎಷ್ಟೋ ಸಲ ಎಲ್ಲರ ಬಾಯಿಗೂ ಕಮ್ಮಿಯಾಗಿರುತ್ತದೆ. ನಮ್ಮಲ್ಲಿ ಅನ್ನಕ್ಕೆ ಉಪ್ಪು ಹಾಕುವುದಿಲ್ಲ. ಸೌಟಿನಲ್ಲಿ ಸರಿಯೆನಿಸಿದ ತಂಬುಳಿ ಅನ್ನಕ್ಕೆ ಕಲಸಿದ ಕೂಡಲೇ ಸಪ್ಪೆಯಾಗುತ್ತದೆ. ಅದಕ್ಕೇ ರುಚಿ ನೋಡುವುದಿದ್ದರೆ ಒಂದು ತುತ್ತು ಅನ್ನಕ್ಕೆ ಕಲಸಿಯೇ ನೋಡಬೇಕು, ಅದೂ ಒಂದೇ ಸಲ. ಅದಕ್ಕೆ ಮೊದಲು ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಅಂಗಳಕ್ಕೆ ಹೋಗಿ ಬಂದರೆ ಇನ್ನೂ ಒಳ್ಳೆಯದು.

ಒಂದೆಲಗದ ತಂಬುಳಿಯ ಅಳತೆ ನೋಡಿ. ಒಂದು ಹಿಡಿ ಸೊಪ್ಪು, ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಅರ್ಧ ಕಪ್ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಎರಡು ಕಪ್ ಮಜ್ಜಿಗೆಗೆ ಬೆರೆಸಿದರೆ, ಪುಡಿ ಉಪ್ಪು ಸಮಮಟ್ಟದ ಒಂದು ಟೀ ಚಮಚ, ಅಂದರೆ ಸುಮಾರು 6 ಗ್ರಾಂ ಹಿಡಿಯುತ್ತದೆ. ಮುಕ್ಕಾಲು ಹಾಕಿ ಶುರುಮಾಡಿ. ಅದೇ ಚಮಚದಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು ಅಳೆದರೆ ಹರಳುಗಳ ನಡುವಿನ ಸಂದಿಯಿಂದಾಗಿ ತೂಕ ಕಡಿಮೆ ಬೀಳುತ್ತದೆ. ಪುಡಿ ಉಪ್ಪಿನಿಂದ ಹರಳಿಗೆ, ಹರಳಿನಿಂದ ಪುಡಿಗೆ ಬದಲಾಯಿಸಿದ ವಾರ ಅಡುಗೆ ಹದ ತಪ್ಪುವುದು ಇದರಿಂದಲೇ. ಕೈಗುಣ ಕೆಟ್ಟಿತೆಂದು ಕೊರಗಬೇಕಿಲ್ಲ. ಹರಳುಪ್ಪನ್ನು ನೀರಲ್ಲಿ ಕರಗಿಸಿ, ಮರಳು ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಳಸುವ ಹಳೆಯ ಪದ್ಧತಿಯಲ್ಲಿ ಅಳತೆಯೂ ಕೈಗೆ ಕೂರುತ್ತದೆ.

ಕಾರವಾರ, ಅಂಕೋಲೆ ಕಡೆಯ ಬಂಗಡೆ ಸಾರಿನಲ್ಲಿ ಎಡವಟ್ಟು ಬೇರೆ ಥರ. ಮೀನಿಗೆ ಮೊದಲೇ ಉಪ್ಪು ಸವರಿಟ್ಟಿದ್ದರೆ ಅದು ಆಮೇಲೆ ರಸಕ್ಕೆ ಇಳಿಯುತ್ತದೆ. ಮೀನು ಹಾಕುವ ಮೊದಲು ಉಪ್ಪು ಸರಿಯಿದ್ದ ರಸ ಊಟದ ಹೊತ್ತಿಗೆ ಕಟುವಾಗಬಹುದು. ಮೀನಿನ ಸಾರಿಗೆ ಹಾಕುವ ಘಾಟಿನ ಜುಮ್ಮನಕಾಯಿಯ (ತಿರ್ಫಳ) ಕರಿ ಬೀಜ ತೆಗೆಯದೆ, ಸಿಪ್ಪೆಯನ್ನು ಜಜ್ಜುವ ಬದಲು ಮಸಾಲೆಯ ಜೊತೆ ನುಣ್ಣಗೆ ರುಬ್ಬಿದರೆ ಕಹಿ ಬರುತ್ತದೆ. ಅಡುಗೆ ಮಾಡಿದವರು ಹೇಳಲೇಬೇಕಾದ ತಪ್ಪೆಂದರೆ ಇಂಥವು, ಮತ್ತೆ ‘ಮುಳ್ಳು ಜಾಸ್ತಿ, ನೋಡಿ ತಿನ್ನಿ’ ಎಂಬ ಎಚ್ಚರಿಕೆ. ‘ಕಾಯಿ ಇನ್ನೊಂಚೂರು ಬೇಕಿತ್ತು’ ಎಂಬುದನ್ನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದಿರೋ, ಉಣ್ಣುವವರು ಅದನ್ನೇ ಹುಡುಕತೊಡಗುತ್ತಾರೆ.

ಇನ್ನು ನಿಮ್ಮ ಉತ್ತರ. ‘ಇಲ್ಲ ಇಲ್ಲ, ತುಂಬಾ ಚೆನ್ನಾಗಿದೆ’ ಎಂದು ವಾದಕ್ಕಿಳಿದರೆ ಅವರು ಎರಡನೆಯ ದೋಷ ಹುಡುಕಿ ತೆಗೆಯುತ್ತಾರೆ, ಮುಗಿಯುವ ಮಾತಲ್ಲ. ಅದರ ಬದಲು ‘ಅತ್ತಿಗೆ, ಇನ್ನೊಂದ್ಸಲ ತಂಬುಳಿ ತಗಂಬಾ’ ಅನ್ನಿ. ಅಥವಾ ಜೀರಿಗೆ ಎಷ್ಟು ಹುರಿದಿರಿ ಎಂದು ಕೇಳಿ. ಉಪ್ಪಿನ ಮಾತು ಅಲ್ಲಿಗೇ ನಿಂತು ಅಡುಗೆಯ ಮಾತು ಶುರುವಾಗುತ್ತದೆ. ಕುಡಿಯಲು ಕೊಡುವ ಮಾವಿನಕಾಯಿಯ ಅಪ್ಪೆಹುಳಿಯಾದರೆ ಎಲೆಯ ಪಕ್ಕದ ಲೋಟವನ್ನು ಮತ್ತೆ ಮುಂದಕ್ಕೆ ಚಾಚಿದರೆ ಸಾಕು.

ನಿಜವಾಗಿಯೂ ಕಮ್ಮಿಯಾಗಿದ್ದರೆ ಎಲೆಯ ತುದಿಯ ಉಪ್ಪನ್ನು ಮುಟ್ಟಲು ಹಿಂಜರಿಯಬೇಡಿ, ಅದು ಇರುವುದೇ ಅದಕ್ಕೆ. ಪಾತ್ರೆಯಲ್ಲೇ ಸರಿಮಾಡುವುದಾದರೆ ತಂಬುಳಿಗೆ ಹರಳುಪ್ಪು ನೇರ ಹಾಕಬಾರದು: ತಣ್ಣಗಿರುವುದರಿಂದ ಬೇಗ ಕರಗದೆ, ಮೊದಲು ಬಡಿಸಿಕೊಂಡವರಿಗೆ ಸಪ್ಪೆ, ಕೊನೆಯವರಿಗೆ ಉಪ್ಪುಪ್ಪು. ಕಾಲು ಲೋಟ ಮಜ್ಜಿಗೆಯಲ್ಲಿ ಕರಗಿಸಿ ಬೆರೆಸಿ. ಜಾಸ್ತಿಯಾಗಿದ್ದರೆ ಬರೀ ನೀರು ಬೇಡ. ಇನ್ನಷ್ಟು ಕಾಯಿ ರುಬ್ಬಿ, ಉಪ್ಪಿಲ್ಲದ ಮಜ್ಜಿಗೆಯ ಜೊತೆ ಸೇರಿಸಿ. ಯಾವ ಕಾರಣಕ್ಕೂ ಮತ್ತೆ ಒಲೆಯ ಮೇಲಿಡಬೇಡಿ, ಮಜ್ಜಿಗೆ ಒಡೆಯುತ್ತದೆ.