ಆಂಟಿಬಯೋಟಿಕ್‌ಗೂ ಬಗ್ಗದ ದುಂಡಾಣು, ಗಿಡಸಾರದ ಹುಡುಕಾಟ

ಫೈರ್ ಬ್ಲೈಟ್ ಎಂಬ ದುಂಡಾಣು (ಬ್ಯಾಕ್ಟೀರಿಯಾ) ರೋಗ ತಗುಲಿದ ಸೇಬಿನ ಮರವನ್ನು ನೋಡಿದರೆ ಸಂಕಟವಾಗುತ್ತದೆ. ಎಳೆ ಚಿಗುರಿನ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಎಲೆಗಳು ಬೆಂಕಿ ತಾಗಿದಂತೆ ಕರಕಲಾದರೂ ಉದುರುವುದಿಲ್ಲ. ತೊಗಟೆಯ ಮೇಲೆ ಜೇನಿನ ಬಣ್ಣದ ಅಂಟು ಹನಿ, ಅದರ ತುಂಬ ದುಂಡಾಣು.

1780ರ ಸುಮಾರಿಗೆ ನ್ಯೂಯಾರ್ಕ್‌ನ ಹಡ್ಸನ್ ಕಣಿವೆಯಲ್ಲಿ ಈ ರೋಗ ಮೊದಲು ಕಣ್ಣಿಗೆ ಬಿತ್ತು. ಕಾರಣ ತಿಳಿಯಲು ನೂರು ವರ್ಷ ಹಿಡಿಯಿತು. ಇದು ದುಂಡಾಣುವಿನ ಕೆಲಸ ಎಂದು ಇಲಿನಾಯ್‌ನ ಥಾಮಸ್ ಬರಿಲ್ 1880ರ ಹೊತ್ತಿಗೆ ತೋರಿಸಿದರು. ದುಂಡಾಣುವಿನಿಂದ ಗಿಡಕ್ಕೂ ರೋಗ ಬರುತ್ತದೆ ಅನ್ನುವುದೇ ಆಗ ಹೊಸ ಮಾತು.

ಇದಕ್ಕೆ ಮದ್ದಾಗಿ ಮೈಲುತುತ್ತ (ತಾಮ್ರದ ಲವಣ), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಂತು. ತಾಮ್ರ ಜಾಸ್ತಿಯಾದರೆ ಎಳೆಕಾಯಿಯ ಸಿಪ್ಪೆ ಒರಟಾಗುತ್ತದೆ, ಮಣ್ಣಲ್ಲೂ ಉಳಿಯುತ್ತದೆ. 1950ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಬಂದಾಗ ಬೆಳೆಗಾರರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ 1971ರಲ್ಲೇ ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ ಅದಕ್ಕೆ ಬಗ್ಗದ ದುಂಡಾಣು ಸಿಕ್ಕಿತು. 2014ರಲ್ಲಿ ಅಮೆರಿಕದ ಸಾವಯವ ಸೇಬು, ಪೇರ್ ತೋಟಗಳಲ್ಲಿ ಆಂಟಿಬಯೋಟಿಕ್ ಬಳಕೆಯೇ ನಿಂತಿತು.

ಗಿಡಸಾರಗಳ ಮೇಲೆ ಜನ ಆಸೆ ಇಟ್ಟುಕೊಂಡಿರುವುದು ಇದಕ್ಕೇ. ಓಮದ ಎಣ್ಣೆಯಲ್ಲಿರುವ ಥೈಮಾಲ್ ಎಂಬ ಅಂಶ ದುಂಡಾಣುವಿನ ಹೊರಪೊರೆಯನ್ನೇ ಹಾಳು ಮಾಡುತ್ತದೆ. ದುಂಡಾಣು ಬೆಳೆಸಿದ ತಟ್ಟೆಯ ಮೇಲೆ ಥೈಮಾಲ್ ಹೀರಿದ ಕಾಗದದ ಬಿಲ್ಲೆ ಇಟ್ಟರೆ, ಮರುದಿನ ಸುತ್ತಲೂ ಒಂದು ಖಾಲಿ ಉಂಗುರ ಕಾಣುತ್ತದೆ. ಖುಷಿಯಾಗುತ್ತೆ, ಅಲ್ವಾ? ಆದರೆ ತೋಟದಲ್ಲಿ ಬಿಸಿಲಿಗೆ ಎಣ್ಣೆ ಹಾರಿಹೋಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಗಾಢವಾಗಿ ಹೊಡೆದರೆ ಹೂವಿನ ಎಸಳೇ ಸುಡುತ್ತದೆ.

ನನಗೆ ಹೆಚ್ಚು ಭರವಸೆ ಮೂಡಿಸುವುದು ಜೈಂಟ್ ನಾಟ್‌ವೀಡ್ ಎಂಬ ಗಿಡದ ಸಾರ. ಅದು ದುಂಡಾಣುವನ್ನು ಕೊಲ್ಲುವುದಕ್ಕಿಂತ ಮುಖ್ಯವಾಗಿ ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಹಾಗಾಗಿ ರೋಗ ಬರುವ ಮೊದಲೇ ಸಿಂಪಡಿಸಬೇಕು.

ಯಾವ ಸಾರವೇ ಆಗಲಿ, ಹೊತ್ತು ನೋಡಿ ಹೊಡೆಯಬೇಕು. ದುಂಡಾಣು ಮೊದಲು ಹೂವಿನ ಶಲಾಕಾಗ್ರದ (ಪರಾಗ ಅಂಟುವ ತುದಿಯ) ಮೇಲೆ ಸುಮ್ನೆ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿರುತ್ತದೆ. ಮಳೆಯೋ ಇಬ್ಬನಿಯೋ ಬಿದ್ದರೆ ಮಕರಂದವಿರುವ ಬುಡಕ್ಕೆ ಇಳಿದು ಒಳಗೆ ನುಗ್ಗುತ್ತದೆ. ಸಿಂಪಡಣೆಗೆ ಸಿಗುವುದು ಆ ನಡುವಿನ ಒಂದೆರಡು ದಿನ ಮಾತ್ರ. ಇಂದು ಹೊಡೆದದ್ದು ನಾಳೆ ಅರಳುವ ಹೂವನ್ನು ಕಾಯುವುದಿಲ್ಲ. ಕೊಂಬೆಯೊಳಗೆ ಇಳಿದ ರೋಗಕ್ಕಂತೂ ಕತ್ತರಿಯೇ ಗತಿ. ಕಪ್ಪಾದ ಜಾಗಕ್ಕಿಂತ ಸುಮಾರು 30 ಸೆಂಟಿಮೀಟರ್ ಕೆಳಗೆ, ಆರೋಗ್ಯವಾಗಿರುವ ಕಡೆ ಕತ್ತರಿಸಬೇಕು.