ಮದ್ಯ, ವಂಶವಾಹಿ ಮತ್ತು ಯಕೃತ್ತಿನ ಕ್ಯಾನ್ಸರ್

ವರ್ಷಗಟ್ಟಲೆ ವಿಪರೀತ ಕುಡಿದವರಲ್ಲಿ ನೂರಕ್ಕೆ ಸುಮಾರು 10ರಿಂದ 20 ಮಂದಿಗೆ ಮಾತ್ರ ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟುವ ಕಾಯಿಲೆ, ಬರುತ್ತದೆ. ಮದ್ಯಪಾನಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೀಗೆ ಕಲೆಗಟ್ಟಿ ಗಡುಸಾದ ಯಕೃತ್ತಿನಲ್ಲೇ ಆದ್ದರಿಂದ, ಉಳಿದವರಿಗೆ ಅದೇಕೆ ಬರುವುದಿಲ್ಲ ಎಂಬ ಪ್ರಶ್ನೆ ವೈದ್ಯರನ್ನು ಬಹುಕಾಲ ಕಾಡಿತು.

ಕುಡುಕರ ಯಕೃತ್ತು ಕೆಡುವುದು ಮದ್ಯದಿಂದಲ್ಲ, ಅವರು ಸರಿಯಾಗಿ ಉಣ್ಣದಿರುವುದರಿಂದ ಎಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಸಂಶೋಧಕ ಚಾರ್ಲ್ಸ್ ಲೀಬರ್ ಮತ್ತು ಸಂಗಡಿಗರು ಬಬೂನ್ ಎಂಬ ಕೋತಿಗಳಿಗೆ ಪೌಷ್ಟಿಕ ಆಹಾರದ ಜೊತೆಗೇ ಮದ್ಯ ಕೊಟ್ಟು, ಅವುಗಳಲ್ಲೂ ಸಿರೋಸಿಸ್ ಕಾಣಿಸಿಕೊಂಡದ್ದನ್ನು 1974ರಲ್ಲಿ ಪ್ರಕಟಿಸಿದ ಮೇಲೆ ಆ ನಂಬಿಕೆ ಸಡಿಲಿತು. 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ವಂಶವಾಹಿಗಳ ಕಡೆಗೆ ಮೊದಲು ಕೈತೋರಿಸಿದ್ದು, ಕುಡಿದೊಡನೆ ಮುಖ ಕೆಂಪೇರುವ ಪೂರ್ವ ಏಷ್ಯಾದ ಜನ. ದೇಹವು ಮದ್ಯವನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಡಿಎನ್‌ಎಗೆ ಹಾನಿ ಮಾಡುವ ಈ ವಸ್ತುವನ್ನು ನಿರಪಾಯಗೊಳಿಸುವ ಎಎಲ್‌ಡಿಎಚ್2 ಎಂಬ ಕಿಣ್ವ, ಅದರ ವಂಶವಾಹಿಯ ಒಂದು ರೂಪಾಂತರದಿಂದಾಗಿ, ಅವರಲ್ಲಿ ದುರ್ಬಲ. ಆದರೆ ಇಲ್ಲೊಂದು ತೊಡಕಿದೆ: ಮೈಗೆ ಒಗ್ಗದ ಕಾರಣ ಇವರಲ್ಲಿ ಅನೇಕರು ಕುಡಿಯುವುದೇ ಕಡಿಮೆ. ಹಾಗಾಗಿ ಈ ರೂಪಾಂತರಕ್ಕೂ ಅನ್ನನಾಳದ ಕ್ಯಾನ್ಸರಿಗೂ ಇರುವ ನಂಟು ಸಿದ್ಧವಾದಷ್ಟು ಸ್ಪಷ್ಟವಾಗಿ ಯಕೃತ್ತಿನ ಮಟ್ಟಿಗೆ ಸಿದ್ಧವಾಗಿಲ್ಲ.

ದೊಡ್ಡ ತಿರುವು ಬಂದದ್ದು ಮದ್ಯಕ್ಕೆ ನೇರ ಸಂಬಂಧವಿಲ್ಲದ ಅಧ್ಯಯನದಿಂದ. ಅಮೆರಿಕದ ಡಲ್ಲಾಸ್‌ನಲ್ಲಿ ಯಕೃತ್ತಿನ ಕೊಬ್ಬನ್ನು ಅಳೆಯುತ್ತಿದ್ದ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಅವರ ತಂಡ, ಪಿಎನ್‌ಪಿಎಲ್‌ಎ3 ವಂಶವಾಹಿಯಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸುವ ರೂಪಾಂತರ ಇದ್ದವರಲ್ಲಿ ಕೊಬ್ಬು ಹೆಚ್ಚಿರುವುದನ್ನು 2008ರಲ್ಲಿ ಗುರುತಿಸಿತು. ಎರಡೇ ವರ್ಷದಲ್ಲಿ ಅದೇ ರೂಪಾಂತರ ಮದ್ಯಜನ್ಯ ಸಿರೋಸಿಸ್‌ಗೂ, ಮುಂದೆ ಕ್ಯಾನ್ಸರಿಗೂ ತಳಕು ಹಾಕಿಕೊಂಡಿರುವುದು ತಿಳಿಯಿತು. 2015ರಲ್ಲಿ ಟಿಎಂ6ಎಸ್‌ಎಫ್2, ಎಂಬಿಒಎಟಿ7 ಎಂಬ ವಂಶವಾಹಿಗಳ ರೂಪಾಂತರಗಳು ಅದರ ಜೊತೆಗೂಡಿದವು. 2018ರಲ್ಲಿ, ಯಕೃತ್ತಿಗೆ ರಕ್ಷಣೆ ಕೊಡುವ ಎಚ್‌ಎಸ್‌ಡಿ17ಬಿ13 ವಂಶವಾಹಿಯ ರೂಪಾಂತರ ಬೆಳಕಿಗೆ ಬಂತು. 2022ರ ಶೋಧ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಕುತೂಹಲಕರ: ಡಬ್ಲ್ಯುಎನ್‌ಟಿ3ಎ ಮತ್ತು ಡಬ್ಲ್ಯುಎನ್‌ಟಿ9ಎ ವಂಶವಾಹಿಗಳ ಬಳಿಯಿರುವ ಒಂದು ರೂಪಾಂತರ ಇದ್ದ ಮದ್ಯಪಾನಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಡಿಮೆ ಕಂಡಿತು. ಆ ವಂಶವಾಹಿಗಳ ಕೆಲಸ ಕೊಬ್ಬಿಗೆ ಸಂಬಂಧಿಸಿದ್ದಲ್ಲ, ಜೀವಕೋಶಗಳ ಬೆಳವಣಿಗೆಯ ಸಂಕೇತಗಳಿಗೆ ಸಂಬಂಧಿಸಿದ್ದು.

ಇಷ್ಟಾದರೂ ಒಬ್ಬ ವ್ಯಕ್ತಿಯ ಭವಿಷ್ಯವನ್ನು ಈ ರೂಪಾಂತರಗಳ ಪರೀಕ್ಷೆಯಿಂದ ಹೇಳಲಾಗದು, ಏಕೆಂದರೆ ಇವುಗಳಲ್ಲಿ ಹಲವು ಆರೋಗ್ಯವಂತರಲ್ಲೂ ಸಾಮಾನ್ಯ. ಅವುಗಳ ಉಪಯೋಗ ಬೇರೆ ಕಡೆ ಒದಗಬಹುದು: ಸಿರೋಸಿಸ್ ಇರುವವರಿಗೆ ಈಗ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಲಾಗುತ್ತದೆ, ಅವರಲ್ಲಿ ಯಾರ ಮೇಲೆ ಹೆಚ್ಚು ನಿಗಾ ಇಡಬೇಕೆಂಬುದನ್ನು ನಿರ್ಧರಿಸುವಾಗ.