ಬೀಳುತ್ತಲೇ ಇರುವ ಬಾಹ್ಯಾಕಾಶ ನಿಲ್ದಾಣ

2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಜೊತೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯವೂ ಹೋದವು. ಆಗ ಎಲ್ಲೆಲ್ಲೂ ಒಂದೇ ಮಾತು: "ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲ್ತಾರೆ." ಇದು ಪೂರ್ತಿ ತಪ್ಪು. ಓದಿದವರೂ ಹೀಗೇ ಹೇಳುತ್ತಾರಲ್ಲ, ಅದೇ ಬೇಸರ.

ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಮೇಲೆ. ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟೇ ದೂರ. ಭೂಮಿಯ ಸೆಳೆತವನ್ನು ಲೆಕ್ಕ ಹಾಕಬೇಕಾದ್ದು ಅದರ ಕೇಂದ್ರದಿಂದ. ನೆಲದ ಮೇಲಿರುವ ನಾವೇ ಅಲ್ಲಿಂದ 6,370 ಕಿ.ಮೀ. ದೂರದಲ್ಲಿದ್ದೇವೆ. ಇನ್ನೊಂದು 400 ಸೇರಿದರೆ ಏನಾದೀತು? ಅಲ್ಲಿಯೂ ಸುಮಾರು 90% ಸೆಳೆತ ಇದ್ದೇ ಇದೆ.

ಹಾಗಾದರೆ ನಿಲ್ದಾಣ ಬೀಳುವುದಿಲ್ಲ ಯಾಕೆ? ಬೀಳುತ್ತಲೇ ಇದೆ! ನೇರ ಸಾಗಬೇಕಿದ್ದ ದಾರಿಯಿಂದ ಅದು ಒಂದು ಸೆಕೆಂಡಿನಲ್ಲಿ ಸುಮಾರು 4.3 ಮೀಟರ್ ಕೆಳಗೆ ಬೀಳುತ್ತದೆ. ಆದರೆ ಅದೇ ಸೆಕೆಂಡಿನಲ್ಲಿ 7.7 ಕಿ.ಮೀ. ಮುಂದೆ ಹೋಗಿರುತ್ತದೆ. ಭೂಮಿ ಗುಂಡಗಿದೆ, ಅಲ್ವಾ? ಅಷ್ಟು ದೂರ ಹೋಗುವಷ್ಟರಲ್ಲಿ ಕೆಳಗಿನ ನೆಲವೂ ಬಾಗಿ ಅಷ್ಟೇ ತಗ್ಗಿರುತ್ತದೆ. ಎತ್ತರ ಹಾಗೇ ಉಳಿಯಿತು. ಮುಂದಿನ ಸೆಕೆಂಡಿಗೂ ಇದೇ ಕಥೆ. ಎತ್ತರದ ಬೆಟ್ಟದಿಂದ ಫಿರಂಗಿ ಗುಂಡನ್ನು ಸಾಕಷ್ಟು ಜೋರಾಗಿ ಹಾರಿಸಿದರೆ ಅದು ಭೂಮಿಯನ್ನೇ ಸುತ್ತುತ್ತದೆ ಎಂದು ನ್ಯೂಟನ್ 17ನೇ ಶತಮಾನದಲ್ಲೇ ಲೆಕ್ಕ ಹಾಕಿದ್ದ. ಮೊದಲ ಉಪಗ್ರಹ ಹಾರಿದ್ದು 1957ರಲ್ಲಿ!

ಇನ್ನೊಂದು ಮಾತು. ನಿಲ್ದಾಣವನ್ನು ಮುಂದಕ್ಕೆ ಓಡಿಸಲು ಎಂಜಿನ್ ಸದಾ ಉರಿಯುತ್ತಿಲ್ಲ. ಚಲನೆಗೆ ಬಲ ಬೇಕಿಲ್ಲ, ಚಲನೆ ಬದಲಾಗಲು ಬೇಕು. ಇಲ್ಲಿ ಆ ಬಲವೇ ಗುರುತ್ವ. ನೇರ ಹೋಗುವುದನ್ನು ಅದು ಕ್ಷಣಕ್ಷಣವೂ ಬಾಗಿಸುತ್ತಿದೆ. ಅದು ಇಲ್ಲದಿದ್ದರೆ ನಿಲ್ದಾಣ ಎಂದೋ ದೂರ ಹೊರಟುಹೋಗುತ್ತಿತ್ತು.

ಇನ್ನು ತೇಲುವ ವಿಷಯ. ನಮಗೆ ಭಾರ ಅನ್ನಿಸುವುದು ನೆಲ ನಮ್ಮನ್ನು ಮೇಲಕ್ಕೆ ಒತ್ತುವುದರಿಂದ. ನಿಲ್ದಾಣದ ನೆಲವೂ ಒಳಗಿನವರೂ ಒಟ್ಟಿಗೆ ಬೀಳುತ್ತಿರುವಾಗ ಯಾರು ಯಾರನ್ನು ಒತ್ತಬೇಕು? ಮನೆಯಲ್ಲೇ ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ತೂತು ಮಾಡಿ, ನೀರು ತುಂಬಿಸಿ, ಮುಚ್ಚಳ ತೆಗೆದು ಹಿಡಿಯಿರಿ. ನೀರು ಚಿಮ್ಮುತ್ತದೆ. ಸುಮ್ನೆ ಕೈಬಿಡಿ. ಬಾಟಲಿ ಬೀಳುವಷ್ಟು ಹೊತ್ತು ನೀರು ಚಿಮ್ಮುವುದು ನಿಂತುಹೋಗುತ್ತದೆ. ಗುರುತ್ವ ಎಲ್ಲಿಗೂ ಹೋಗಿರುವುದಿಲ್ಲ. ನೀರೂ ಬಾಟಲಿಯೂ ಒಂದೇ ವೇಗದಲ್ಲಿ ಬೀಳುತ್ತಿರುತ್ತವೆ, ಅಷ್ಟೇ.